ಯಾರು ಮಾಡಿದರು, ಯಾರು ನೋಡಿದರು? ಮುಕ್ತ ತಂತ್ರಾಂಶದ ಕಾರ್ಯಪಟ್ಟಿಯಿಂದ ಅಭ್ಯಾಸ ಬೋಧನೆಗೆ ಸಿಕ್ಕ ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾವು ಏಳು ಜನ ಪ್ರಶಿಕ್ಷಣಾರ್ಥಿಗಳು ಭಾಲ್ಕಿ ತಾಲ್ಲೂಕಿನ ಮೆಹಕರ ಭಾಗದ ಒಂದು ಪ್ರೌಢಶಾಲೆಯಲ್ಲಿದ್ದೆವು. ಇದು ಮಹಾರಾಷ್ಟ್ರದ ಗಡಿಗೆ ಹತ್ತಿರದ ಪ್ರದೇಶ. ಅನೇಕ ಮನೆಗಳಲ್ಲಿ ಮರಾಠಿ ಮಾತು. ಹೆಣ್ಣು ಕೊಟ್ಟು ತರುವ ಸಂಬಂಧಗಳು ಗಡಿಯ ಎರಡೂ ಕಡೆ ಇವೆ. ನಮಗೆ ಹಂಚಿಕೆಯಾದ ತರಗತಿಗಳಲ್ಲಿ ಕೆಲವು ಮಕ್ಕಳು ಕೆಳಗಿನ ತರಗತಿಗಳನ್ನು ಮರಾಠಿ ಮಾಧ್ಯಮದಲ್ಲಿ ಓದಿ ಬಂದಿದ್ದರು. ಅವರಿಗೆ ವಿಜ್ಞಾನದ ವಿಷಯ ತಿಳಿದಿರುತ್ತಿತ್ತು, ಕನ್ನಡದ ಪದ ತಿಳಿದಿರುತ್ತಿರಲಿಲ್ಲ. ಆದ್ದರಿಂದ ಪಠ್ಯದ ಮುಖ್ಯ ಪದಗಳಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ರೂಪಗಳಿರುವ ಗೋಡೆಪಟ್ಟಿಯನ್ನು ಎಲ್ಲರೂ ಸೇರಿ ಮಾಡೋಣವೆಂದು ಮೊದಲ ವಾರದಲ್ಲೇ ತೀರ್ಮಾನಿಸಿದೆವು.

ಈ ಸಣ್ಣ ಕೆಲಸ ನಮ್ಮ ಕೈಯಲ್ಲಿ ಹೇಗೆ ಕೆಟ್ಟಿತು, ಸಾವಿರಾರು ಜನ ದೂರದೂರದಿಂದ ಸೇರಿ ಕಟ್ಟುವ ಮುಕ್ತ ತಂತ್ರಾಂಶ ಯೋಜನೆಗಳು ಇಂಥ ತೊಂದರೆಯನ್ನು ಹೇಗೆ ನಿಭಾಯಿಸುತ್ತವೆ, ಅದರಿಂದ ನಾವು ಏನನ್ನು ತೆಗೆದುಕೊಂಡೆವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನೀರಿನಲ್ಲಿ ಮೂರು ಅಣು

ಒಂಬತ್ತನೆಯ ತರಗತಿಯ ‘ಪರಮಾಣುಗಳು ಮತ್ತು ಅಣುಗಳು’ ಪಾಠ ನನ್ನ ಪಾಲಿಗೆ ಬಂದಿತ್ತು. ಪಾಠದ ಕೊನೆಯಲ್ಲಿ ಒಂದು ಕಿರುಪರೀಕ್ಷೆ ಕೊಟ್ಟೆ. ‘ನೀರಿನ ಒಂದು ಅಣುವಿನಲ್ಲಿ ಒಟ್ಟು ಎಷ್ಟು ಪರಮಾಣುಗಳಿವೆ?’ ಎಂಬುದು ಅದರಲ್ಲೊಂದು ಪ್ರಶ್ನೆ. ಒಬ್ಬ ಹುಡುಗಿ ‘ನೀರಿನಲ್ಲಿ 3 ಅಣು’ ಎಂದು ಬರೆದಿದ್ದಳು. ಅಣು, ಪರಮಾಣುಗಳ ವ್ಯತ್ಯಾಸ ಇವಳಿಗೆ ತಿಳಿದಿಲ್ಲವೆಂದು ಕೆಂಪು ಗೆರೆ ಎಳೆದು ಅಂಕ ಕಳೆದೆ.

ಮರುದಿನ ಅವಳು ನನ್ನನ್ನು ಗೋಡೆಪಟ್ಟಿಯ ಮುಂದೆ ಕರೆದುಕೊಂಡು ಹೋದಳು. “ಮೇಡಂ, ಇಲ್ಲಿ ನೀವೇ ಅಣು ಅಂದ್ರ ಮರಾಠಿದಾಗೂ ಅಣು ಅಂತ ಬರದೀರಲ್ರಿ. ನಮ್ಮ ಮರಾಠಿ ಸಾಲ್ಯಾಗ ಹೈಡ್ರೋಜನ್ ಎರಡು ಅಣು, ಆಕ್ಸಿಜನ್ ಒಂದು ಅಣು ಅಂತ ಹೇಳ್ಯಾರ್ರಿ. ಮೂರೇ ಆತಲ್ರಿ?” ಎಂದಳು.

ಅವಳು ಎಂಟನೆಯ ತರಗತಿಯವರೆಗೆ ಗಡಿಯಾಚೆ ಸೋದರಮಾವನ ಮನೆಯಲ್ಲಿದ್ದು ಓದಿ ಬಂದವಳು. ಮರಾಠಿಯ ವಿಜ್ಞಾನ ಪಠ್ಯದಲ್ಲಿ ‘ಅಣು’ ಎಂದರೆ ನಮ್ಮ ಪರಮಾಣು. ನಾವು ಅಣು ಎನ್ನುವುದಕ್ಕೆ ಅಲ್ಲಿ ‘ರೇಣು’ ಎನ್ನುತ್ತಾರೆ. ಮಹಾರಾಷ್ಟ್ರದ ಎಂಟನೆಯ ತರಗತಿಯ ಸಾಮಾನ್ಯ ವಿಜ್ಞಾನ ಪುಸ್ತಕದಲ್ಲಿ ಪರಮಾಣುವಿನ ಒಳರಚನೆಯನ್ನು ಹೇಳುವ ಪಾಠದ ಹೆಸರೇ ‘ಅಣೂಚೇ ಅಂತರಂಗ’. ಹುಡುಗಿಗೆ ವಿಷಯ ಸರಿಯಾಗಿಯೇ ಗೊತ್ತಿತ್ತು. ತಪ್ಪು ಇದ್ದದ್ದು ನಮ್ಮ ಪಟ್ಟಿಯಲ್ಲಿ. ಅವಳಿಗೆ ನೆರವಾಗಲೆಂದು ಬರೆದ ಪಟ್ಟಿಯೇ ಅವಳ ದಾರಿ ತಪ್ಪಿಸಿತ್ತು, ಅದಕ್ಕೆ ಅಂಕ ಕಳೆದವಳೂ ನಾನೇ.

ಆ ಸಂಜೆ ನಮ್ಮ ವಾಟ್ಸಾಪ್ ಗುಂಪನ್ನು ಹಿಂದಕ್ಕೆ ಸರಿಸಿ ನೋಡಿದೆವು. ‘ಪದಪಟ್ಟಿ ಎಲ್ಲರೂ ಸೇರಿ ಮಾಡೋಣ’ ಎಂಬ ಸಂದೇಶಕ್ಕೆ ಏಳೂ ಜನ ಹೆಬ್ಬೆರಳು ತೋರಿಸಿದ್ದೆವು. ‘ಚಲನೆ’ ಪಾಠದ ಪದಗಳನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿದ್ದರು. ‘ಅಂಗಾಂಶಗಳು’ ಪಾಠವನ್ನು ಯಾರೂ ಮುಟ್ಟಿರಲಿಲ್ಲ. ಇನ್ನೊಬ್ಬರು ಮಾಡುತ್ತಿರಬೇಕೆಂದು ಪ್ರತಿಯೊಬ್ಬರೂ ತಿಳಿದಿದ್ದೆವು. ಅಣು ಪದದ ಸಾಲು ಯಾರದೆಂದು ಯಾರಿಗೂ ನೆನಪಿರಲಿಲ್ಲ. ಅದನ್ನು ಮರಾಠಿ ಬಲ್ಲವರು ಒಮ್ಮೆಯಾದರೂ ನೋಡಿದ್ದಾರೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಸೋಮಾರಿಗಳು ಇರಲಿಲ್ಲ. ಕೆಲಸ ಎಲ್ಲಿಗೆ ಬಂದಿದೆ ಎಂದು ತೋರಿಸುವ ಒಂದು ಜಾಗ ಇರಲಿಲ್ಲ.

ಅಪ್ಪಣೆ ಕೊಡುವವರಿಲ್ಲದ ಕೆಲಸ

ಪದವಿಯಲ್ಲಿ ಗಣಕ ವಿಜ್ಞಾನ ಓದಿದ ನಮ್ಮ ತಂಡದ ಒಬ್ಬ ಮಿತ್ರರು, ಮುಕ್ತ ತಂತ್ರಾಂಶದವರು ಈ ತೊಂದರೆಗೆ ಎಂದೋ ದಾರಿ ಕಂಡುಕೊಂಡಿದ್ದಾರೆ ಎಂದರು. ಯಾವ ತಂತ್ರಾಂಶದ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದೋ, ತಿದ್ದಬಹುದೋ, ಹಂಚಬಹುದೋ ಅದು ಮುಕ್ತ ತಂತ್ರಾಂಶ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಕನ್ನಡದಲ್ಲೂ ಇಂಥ ಕೆಲಸ ನಡೆದಿದೆ. ಫೈರ್‌ಫಾಕ್ಸ್ ಜಾಲವೀಕ್ಷಕ ಕನ್ನಡದಲ್ಲಿ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿದ್ದು ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ದೊರೆಯುತ್ತವೆ.

ಇಂಥ ಯೋಜನೆಗಳಲ್ಲಿ ಕೆಲಸ ಮಾಡುವವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಬರ್ಲಿನ್‌ನಲ್ಲಿ. ಮುಖ ನೋಡಿದವರಲ್ಲ. ‘ನಾಳೆಯೊಳಗೆ ಮುಗಿಸು’ ಎಂದು ಹೇಳುವ ಮೇಲಧಿಕಾರಿ ಅನೇಕ ಕಡೆ ಇರುವುದಿಲ್ಲ. ಪರೀಕ್ಷೆ ಬಂದರೆ, ಮಗು ಹುಟ್ಟಿದರೆ, ಕೆಲಸ ಬದಲಾದರೆ ಜನ ನಡುವೆಯೇ ಬಿಟ್ಟು ಹೋಗುತ್ತಾರೆ. ಹೀಗಿದ್ದೂ ಕೆಲಸ ಮುಂದುವರಿಯಬೇಕಾದರೆ, ಏನು ಮಾಡಬೇಕಿದೆ ಮತ್ತು ಎಲ್ಲಿಗೆ ಬಂದಿದೆ ಎಂಬುದು ಜನರ ತಲೆಯಲ್ಲಿ ಮಾತ್ರ ಇರಬಾರದು. ಎಲ್ಲರೂ ನೋಡಬಲ್ಲ ಒಂದೇ ಜಾಗದಲ್ಲಿ ಬರೆದಿರಬೇಕು.

ಅದಕ್ಕೆಂದೇ ಇಯಾನ್ ಜಾಕ್ಸನ್ 1994ರಲ್ಲಿ ಡೆಬಿಯನ್ ಯೋಜನೆಗೆ ದೋಷಗಳನ್ನು ದಾಖಲಿಸುವ ವ್ಯವಸ್ಥೆಯೊಂದನ್ನು ಬರೆದರು. ಬಂದ ಪ್ರತಿ ದೂರಿಗೂ ಒಂದು ಸಂಖ್ಯೆ, ಆ ಸಂಖ್ಯೆಯಡಿ ಅದರ ಪೂರ್ತಿ ಚರಿತ್ರೆ. 1998ರಲ್ಲಿ ಮೊಜಿಲ್ಲಾ ಯೋಜನೆಗೆಂದು ಬಗ್‌ಜಿಲ್ಲಾ ಬಂತು. 2008ರಲ್ಲಿ ಆರಂಭವಾದ ಗಿಟ್‌ಹಬ್‌ನಲ್ಲಿ ಇದೇ ಪದ್ಧತಿಯನ್ನು ‘ಇಶ್ಯೂ’ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ಅದನ್ನು ‘ನಮೂದು’ ಎನ್ನುತ್ತೇನೆ.

ಒಂದು ನಮೂದು, ಒಂದು ಕೆಲಸ

ನಮೂದಿನ ಮೊದಲ ನಿಯಮ, ಒಂದರಲ್ಲಿ ಒಂದೇ ಕೆಲಸ. ಎರಡನೆಯದು, ಅದನ್ನು ಓದಿದ ಅಪರಿಚಿತನಿಗೂ ಏನು ಮಾಡಬೇಕೆಂದು ತಿಳಿಯಬೇಕು. ಮೂರನೆಯದು, ಯಾವಾಗ ಮುಗಿಯಿತು ಎನ್ನಬಹುದು ಎಂಬುದು ಅದರಲ್ಲೇ ಇರಬೇಕು.

ಉದಾಹರಣೆಗೆ, ‘ಕನ್ನಡ ಸರಿಯಾಗಿ ಕಾಣುತ್ತಿಲ್ಲ’ ಎಂದು ಒಬ್ಬರು ಬರೆದರೆಂದುಕೊಳ್ಳಿ. ಅಕ್ಷರಶೈಲಿ ಮಾಡುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ‘ಸೂರ್ಯ ಎಂದು ಟೈಪಿಸಿದಾಗ ಅರ್ಕಾವೊತ್ತು ಯಕಾರದ ಮೇಲೆ ಹತ್ತಿ ಕೂರುತ್ತದೆ, ಪಕ್ಕದಲ್ಲಿ ಬರಬೇಕು, 12ರ ಗಾತ್ರದಲ್ಲಿ ಮಾತ್ರ ಹೀಗಾಗುತ್ತದೆ’ ಎಂದು ಬರೆದರೆ ಬೇರೊಬ್ಬರು ತಮ್ಮ ಗಣಕದಲ್ಲಿ ಅದನ್ನೇ ಮಾಡಿ ನೋಡಬಹುದು. ಏನಾಯಿತು, ಏನಾಗಬೇಕಿತ್ತು, ಮತ್ತೆ ಕಾಣಬೇಕಾದರೆ ಏನು ಮಾಡಬೇಕು ಎಂಬ ಈ ಮೂರು ಅಂಶಗಳನ್ನು ಒಳ್ಳೆಯ ದೋಷವರದಿಯಲ್ಲಿ ನಿರೀಕ್ಷಿಸುತ್ತಾರೆ.

ಇದು ನಮ್ಮ ಅವಲೋಕನ ಪುಸ್ತಕಕ್ಕೂ ಅನ್ವಯಿಸುತ್ತದೆ. ಸಹಪಾಠಿಯ ಪಾಠವನ್ನು ನೋಡಿ ‘ತರಗತಿ ನಿರ್ವಹಣೆ ಸುಧಾರಿಸಬೇಕು’ ಎಂದು ಬರೆಯುತ್ತೇವೆ. ಬರೆಸಿಕೊಂಡವರು ನಾಳೆ ಏನು ಮಾಡಬೇಕು? ‘ಗುಂಪು ಚಟುವಟಿಕೆಗೆ ಸೂಚನೆ ಕೊಡುವ ಮೊದಲೇ ಸಾಮಗ್ರಿ ಹಂಚಿದ್ದರಿಂದ ಹಿಂದಿನ ಎರಡು ಸಾಲಿನ ಮಕ್ಕಳು ಸೂಚನೆ ಕೇಳಲಿಲ್ಲ’ ಎಂದು ಬರೆದರೆ ಏನು ತಿದ್ದಬೇಕೆಂಬುದು ಅದರಲ್ಲೇ ಇದೆ.

ನಮೂದುಗಳಿಗೆ ಹಣೆಪಟ್ಟಿ ಅಂಟಿಸುವ ರೂಢಿಯೂ ಇದೆ. ದೋಷ, ಹೊಸ ಸೌಲಭ್ಯ, ತುರ್ತು ಎಂಬಂಥವು. ಇವುಗಳಲ್ಲಿ ಶಿಕ್ಷಕರಿಗೆ ಬಹಳ ಹಿಡಿಸಬೇಕಾದದ್ದು ‘ಹೊಸಬರಿಗೆ ಒಳ್ಳೆಯ ಮೊದಲ ಕೆಲಸ’ ಎಂಬ ಹಣೆಪಟ್ಟಿ. ಅನುಭವಿಗಳು ತಾವೇ ಹತ್ತು ನಿಮಿಷದಲ್ಲಿ ಮಾಡಬಹುದಾದ ಕೆಲವು ಕೆಲಸಗಳನ್ನು ಬೇಕೆಂದೇ ಹಾಗೆಯೇ ಬಿಟ್ಟು, ಹೊಸದಾಗಿ ಬಂದವರು ಅದರಿಂದ ಆರಂಭಿಸಲಿ ಎಂದು ಗುರುತು ಹಾಕುತ್ತಾರೆ. ಕೆಲಸ ತಡವಾಗುತ್ತದೆ, ಆದರೆ ಕೆಲಸ ಬಲ್ಲವರ ಸಂಖ್ಯೆ ಹೆಚ್ಚುತ್ತದೆ. ನಾವು ತರಗತಿಯಲ್ಲಿ ಸರಳದಿಂದ ಕಠಿಣದ ಕಡೆಗೆ ಎಂಬ ತತ್ವವನ್ನು ಓದುತ್ತೇವೆ. ಇಲ್ಲಿ ಅದು ಕೆಲಸ ಹಂಚುವ ಕ್ರಮವಾಗಿದೆ.

ಹೆಸರು ಬರೆಯುವುದು, ಹೆಸರು ಅಳಿಸುವುದು

ಒಂದು ಕೆಲಸವನ್ನು ಯಾರಾದರೂ ಎತ್ತಿಕೊಂಡರೆ ಅವರ ಹೆಸರು ನಮೂದಿನ ಮೇಲೆ ಬರುತ್ತದೆ. ಆಗ ಇಬ್ಬರು ಅದನ್ನೇ ಮಾಡುವುದು ತಪ್ಪುತ್ತದೆ. ನಮ್ಮ ‘ಚಲನೆ’ ಪಾಠಕ್ಕೆ ಬೇಕಾಗಿದ್ದದ್ದು ಇಷ್ಟೇ. ಆದರೆ ಹೆಸರು ಬರೆದು ಸುಮ್ಮನಾದರೆ ಇನ್ನೊಂದು ತೊಂದರೆ. ಹೆಸರಿದೆಯೆಂದು ಬೇರೆಯವರು ಮುಟ್ಟುವುದಿಲ್ಲ, ಹೆಸರಿನವರು ಮಾಡುವುದಿಲ್ಲ.

ಇದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕಾಶೆಯ ಸ್ವಯಂಸೇವಕರು ಒಂದು ಉಪಾಯ ಮಾಡಿದ್ದಾರೆ. 2010ರ ಹೈಟಿ ಭೂಕಂಪದ ಸಮಯದಲ್ಲಿ ಉಪಗ್ರಹ ಚಿತ್ರಗಳನ್ನು ನೋಡಿ ರಸ್ತೆ, ಮನೆಗಳನ್ನು ನಕಾಶೆಗೆ ಸೇರಿಸಲು ಬೇರೆ ಬೇರೆ ದೇಶಗಳಿಂದ ಜನ ಕೈಜೋಡಿಸಿದರು. ಅಷ್ಟೊಂದು ಜನ ಒಂದೇ ಬೀದಿಯನ್ನು ಬಿಡಿಸದಂತೆ ನೋಡಿಕೊಳ್ಳಬೇಕಿತ್ತು. ಮುಂದೆ ಇಂಥ ಕೆಲಸಗಳಿಗೆಂದೇ ಒಂದು ಕಾರ್ಯಹಂಚಿಕೆಯ ತಂತ್ರಾಂಶ ರೂಪುಗೊಂಡಿತು. ಅದರಲ್ಲಿ ಪ್ರದೇಶವನ್ನು ಚೌಕಗಳಾಗಿ ಕತ್ತರಿಸುತ್ತಾರೆ. ಒಬ್ಬರು ಒಂದು ಚೌಕ ತೆಗೆದುಕೊಂಡರೆ ಅದಕ್ಕೆ ಬೀಗ ಬೀಳುತ್ತದೆ. ನಿಗದಿತ ಅವಧಿಯಲ್ಲಿ ಮುಗಿಸದಿದ್ದರೆ ಬೀಗ ತಾನಾಗಿ ತೆರೆದು, ಚೌಕ ಬೇರೆಯವರಿಗೆ ಸಿಗುತ್ತದೆ. ಯಾರೂ ಯಾರನ್ನೂ ಬೈಯಬೇಕಾಗಿಲ್ಲ, ಯಾರೂ ಕ್ಷಮೆ ಕೇಳಬೇಕಾಗಿಲ್ಲ.

ಈ ಕೊನೆಯ ಮಾತು ನನಗೆ ಮುಖ್ಯವೆನಿಸಿತು. ನಮ್ಮ ತಂಡದ ಒಬ್ಬರ ಮನೆಯಲ್ಲಿ ಆ ದಿನಗಳಲ್ಲೇ ಕಾಯಿಲೆಯ ತೊಂದರೆ ಇತ್ತು. ಒಪ್ಪಿಕೊಂಡ ಕೆಲಸ ಆಗಲಿಲ್ಲವೆಂದು ಹೇಳಲು ಸಂಕೋಚಪಟ್ಟು ಅವರು ಗುಂಪಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದರು. ಅವರಿಗೆ ಜವಾಬ್ದಾರಿಯಿಲ್ಲವೆಂದು ನಾವು ಒಳಗೊಳಗೇ ಆಡಿಕೊಂಡಿದ್ದೆವು. ಬಿಟ್ಟುಕೊಡುವುದಕ್ಕೂ ಒಂದು ಕ್ರಮವಿದ್ದರೆ ಮನುಷ್ಯ ಸುಳ್ಳು ಹೇಳಬೇಕಾಗುವುದಿಲ್ಲ, ಮುಖ ತಪ್ಪಿಸಿ ಓಡಾಡಬೇಕಾಗುವುದಿಲ್ಲ.

ಮಾಡಿದವರೇ ಮುಗಿಯಿತು ಎನ್ನುವಂತಿಲ್ಲ

ಅಣು ಪದದ ತಪ್ಪಿಗೆ ಉತ್ತರ ಸಿಕ್ಕಿದ್ದು ವಿಕಿಸೋರ್ಸ್‌ನಲ್ಲಿ. ಹಕ್ಕುಸ್ವಾಮ್ಯ ಮುಗಿದ ಅಥವಾ ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದ ಪುಸ್ತಕಗಳನ್ನು ಜನರೇ ಸೇರಿ ಅಂತರ್ಜಾಲಕ್ಕೆ ತರುವ ತಾಣ ಅದು, ಕನ್ನಡದಲ್ಲೂ ಇದೆ. ಮುದ್ರಿತ ಪುಟದ ಚಿತ್ರ ಒಂದು ಬದಿಯಲ್ಲಿ, ಟೈಪಾದ ಪಠ್ಯ ಇನ್ನೊಂದು ಬದಿಯಲ್ಲಿ ಇರುತ್ತದೆ. ಪ್ರತಿ ಪುಟಕ್ಕೂ ಒಂದು ಬಣ್ಣ. ಕರಡು ತಿದ್ದದ ಪುಟ ಕೆಂಪು. ಒಬ್ಬರು ಅಕ್ಷರಕ್ಕೆ ಅಕ್ಷರ ಹೋಲಿಸಿ ತಿದ್ದಿದರೆ ಹಳದಿ. ಎರಡನೆಯವರು ಮತ್ತೊಮ್ಮೆ ಓದಿ ಒಪ್ಪಿದರೆ ಹಸಿರು. ಹರಿದ ಪುಟ, ಓದಲಾಗದ ಸಾಲು ಮೊದಲಾದ ತೊಡಕಿದ್ದರೆ ಅದಕ್ಕೆ ಬೇರೆ ಬಣ್ಣ. ಪಠ್ಯವೇ ಇಲ್ಲದ ಪುಟ ಬೂದು. ಪುಸ್ತಕದ ಪುಟಸೂಚಿಯನ್ನು ತೆರೆದ ತಕ್ಷಣ ಕೆಲಸ ಎಲ್ಲಿಗೆ ಬಂದಿದೆಯೆಂದು ಬಣ್ಣಗಳೇ ಹೇಳುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪುಟವನ್ನು ಹಳದಿ ಮಾಡಿದವರೇ ಅದನ್ನು ಹಸಿರು ಮಾಡಲು ತಂತ್ರಾಂಶ ಬಿಡುವುದಿಲ್ಲ. ಎಷ್ಟೇ ವಿದ್ವಾಂಸರಾಗಿರಲಿ, ಎರಡನೆಯ ಕಣ್ಣು ಬೇರೆಯವರದೇ ಆಗಬೇಕು. ತಾನು ಬರೆದದ್ದನ್ನು ತಾನೇ ಓದುವಾಗ ಕಾಗದದ ಮೇಲೆ ಇರುವುದರ ಬದಲು ಮನಸ್ಸಿನಲ್ಲಿದ್ದದ್ದೇ ಕಾಣುತ್ತದೆ ಎಂಬುದು ಉತ್ತರಪತ್ರಿಕೆ ಬರೆದವರೆಲ್ಲರಿಗೂ ಗೊತ್ತು.

ಬೇರೆ ಯೋಜನೆಗಳಲ್ಲೂ ಇದೇ ತತ್ವ ಬೇರೆ ರೂಪದಲ್ಲಿದೆ. ಫೈರ್‌ಫಾಕ್ಸ್‌ನ ಅನುವಾದ ನಡೆಯುವ ಪಾಂಟೂನ್ ಎಂಬ ತಾಣದಲ್ಲಿ ಹೊಸಬರು ಬರೆದದ್ದು ಮೊದಲು ‘ಸಲಹೆ’ ಮಾತ್ರ. ಆ ಭಾಷೆಯ ಹೊಣೆ ಹೊತ್ತವರು ನೋಡಿ ಒಪ್ಪಿದ ಮೇಲೆ ಅದು ‘ಅನುವಾದ’. ಲಿನಕ್ಸ್‌ನಲ್ಲಿ ಬದಲಾವಣೆಯ ಕೆಳಗೆ ಬರೆದವರ ಹೆಸರಿನೊಂದಿಗೆ ‘ರಿವ್ಯೂಡ್-ಬೈ’ ಎಂದು ಪರಿಶೀಲಿಸಿದವರ ಹೆಸರನ್ನೂ ದಾಖಲಿಸುವ ಪದ್ಧತಿ ಇದೆ. ನೋಡಿದವರಿಗೂ ಹೊಣೆ ಇದೆ, ಗೌರವವೂ ಇದೆ.

ನಮ್ಮ ಅಣು ಪದದ ಸಾಲಿಗೆ ಬರೆದವರ ಹೆಸರೂ ಇರಲಿಲ್ಲ, ನೋಡಿದವರ ಹೆಸರೂ ಇರಲಿಲ್ಲ. ಅದು ಕೆಂಪು ಪುಟ. ನಾವು ಅದನ್ನು ಹಸಿರೆಂದು ಗೋಡೆಗೆ ಅಂಟಿಸಿದ್ದೆವು.

ಡ್ರಾಯಿಂಗ್ ಹಾಳೆಯ ಮೇಲೆ ನಾಲ್ಕು ಅಂಕಣ

ನಮಗೆ ತಂತ್ರಾಂಶ ಬೇಕಾಗಿರಲಿಲ್ಲ. ಶಾಲೆಯಲ್ಲಿ ನೆಟ್‌ವರ್ಕ್ ಕೂಡ ಬಂದು ಹೋಗುವಂಥದ್ದು. ಒಂದು ಡ್ರಾಯಿಂಗ್ ಹಾಳೆಯ ಮೇಲೆ ನಾಲ್ಕು ಅಂಕಣ ಎಳೆದು ನಾವು ಕೂರುತ್ತಿದ್ದ ಕೋಣೆಯ ಬಾಗಿಲ ಹಿಂದೆ ಅಂಟಿಸಿದೆವು: ‘ಆಗಬೇಕಾದದ್ದು’, ‘ನಡೆಯುತ್ತಿರುವುದು’, ‘ನೋಡಬೇಕಾದದ್ದು’, ‘ಮುಗಿದದ್ದು’. ಅಂಕಣಗಳ ಮೇಲೆ ಚೀಟಿ ಸರಿಸುವ ಈ ಪದ್ಧತಿಯ ಮೂಲ ಜಪಾನಿನ ಟೊಯೊಟಾ ಕಾರ್ಖಾನೆ. ತೈಚಿ ಓನೊ ಅವರು ಅಲ್ಲಿ ಬೆಳೆಸಿದ ‘ಕಾನ್‌ಬಾನ್’ ಪದ್ಧತಿಯನ್ನು ತಂತ್ರಾಂಶದವರು ಮುಂದೆ ತಮ್ಮ ಕೆಲಸಕ್ಕೆ ಒಗ್ಗಿಸಿಕೊಂಡರು. ಅದರ ಒಂದು ಮುಖ್ಯ ನಿಯಮ, ಕೈಯಲ್ಲಿರುವ ಕೆಲಸಕ್ಕೆ ಮಿತಿ ಇರಬೇಕು. ಒಂದು ಮುಗಿಯದೆ ಇನ್ನೊಂದನ್ನು ಎಳೆದುಕೊಳ್ಳಬಾರದು.

ನಾವು ಹಾಕಿಕೊಂಡ ನಿಯಮಗಳು ಇಷ್ಟು:

1. ಒಂದು ಚೀಟಿಯಲ್ಲಿ ಒಂದು ಪಾಠದ ಐದು ಪದ ಮಾತ್ರ. ‘ಪದಪಟ್ಟಿ ಮಾಡುವುದು’ ಎಂಬ ಚೀಟಿ ಇರಬಾರದು.

2. ಚೀಟಿಯ ಮೇಲೆ ‘ಮಾಡಿದವರು’, ‘ನೋಡಿದವರು’ ಎಂದು ಎರಡು ಗೆರೆ. ಎರಡರಲ್ಲೂ ಒಂದೇ ಹೆಸರು ಬರಬಾರದು.

3. ಒಬ್ಬರ ಕೈಯಲ್ಲಿ ಒಮ್ಮೆಗೆ ಎರಡು ಚೀಟಿ ಮಾತ್ರ.

4. ಮೂರು ದಿನ ಕದಲದ ಚೀಟಿಯನ್ನು ಯಾರು ಬೇಕಾದರೂ ಕಾರಣ ಕೇಳದೆ ಮೊದಲ ಅಂಕಣಕ್ಕೆ ಮರಳಿಸಬಹುದು.

5. ಮರಾಠಿ ಪದವನ್ನು ಮರಾಠಿ ಪಠ್ಯಪುಸ್ತಕದ ಪುಟದೊಂದಿಗೆ ಹೋಲಿಸದೆ ‘ಮುಗಿದದ್ದು’ ಅಂಕಣಕ್ಕೆ ಸರಿಸುವಂತಿಲ್ಲ.

ಮೊದಲ ವಾರ ‘ನಡೆಯುತ್ತಿರುವುದು’ ಅಂಕಣ ಚೆನ್ನಾಗಿ ಖಾಲಿಯಾಯಿತು. ಆದರೆ ‘ನೋಡಬೇಕಾದದ್ದು’ ಅಂಕಣದಲ್ಲಿ ಹದಿನಾಲ್ಕು ಚೀಟಿಗಳು ಒಂದರ ಮೇಲೊಂದು ನಿಂತವು. ಕಾರಣ ನೋಡಿದರೆ, ಏಳು ಜನರಲ್ಲಿ ಮರಾಠಿಯನ್ನು ಓದಬಲ್ಲವರು ಒಬ್ಬರೇ. ಅವರಿಗೂ ದಿನಕ್ಕೆ ಎರಡು ಪಾಠ, ಪಾಠಯೋಜನೆಯ ಬರವಣಿಗೆ ಇತ್ತು. ಮೊದಲು ಇದೇ ಕೊರತೆ ಇದ್ದರೂ ಕಾಣುತ್ತಿರಲಿಲ್ಲ. ಈಗ ಬಾಗಿಲ ಹಿಂದೆ ಎದ್ದು ಕಾಣುತ್ತಿತ್ತು. ಇನ್ನಷ್ಟು ಪದ ಬರೆಯುವುದರಿಂದ ಪ್ರಯೋಜನವಿಲ್ಲ, ನೋಡುವವರು ಬೇಕು ಎಂದು ಆಗ ತಿಳಿಯಿತು.

ಮಾರ್ಗದರ್ಶಕ ಶಿಕ್ಷಕರು ಒಂದು ದಾರಿ ತೋರಿಸಿದರು. “ಮರಾಠಿ ಬರೋರು ನಿಮ್ಮ ಮುಂದೇ ಕುಂತಾರಲ್ರಿ” ಎಂದರು. ಮರಾಠಿ ಮಾಧ್ಯಮದಿಂದ ಬಂದ ಮಕ್ಕಳಿಗೆ ತಮ್ಮ, ಅಕ್ಕ ಅಣ್ಣಂದಿರ ಹಳೆಯ ವಿಜ್ಞಾನ ಪುಸ್ತಕಗಳನ್ನು ತರಲು ಹೇಳಿದೆವು. ಮಧ್ಯಾಹ್ನದ ಊಟದ ನಂತರ ಇಪ್ಪತ್ತು ನಿಮಿಷ ಅವರು ಒಂದೊಂದು ಚೀಟಿಯನ್ನು ಪುಸ್ತಕದೊಂದಿಗೆ ಹೋಲಿಸಿ, ಸರಿಯಿದ್ದರೆ ‘ನೋಡಿದವರು’ ಗೆರೆಯಲ್ಲಿ ಹೆಸರು ಬರೆಯುತ್ತಿದ್ದರು. ಅಂಕ ಕಳೆದುಕೊಂಡ ಹುಡುಗಿಯೇ ಮೊದಲ ದಿನ ಬಂದಳು. ಅವಳ ಅಂಕವನ್ನು ಮರಳಿ ಕೊಟ್ಟಿದ್ದೆ; ತಪ್ಪು ನಮ್ಮದೆಂದು ತರಗತಿಯ ಮುಂದೆಯೂ ಹೇಳಿದ್ದೆ.

ಮಕ್ಕಳು ಹಿಡಿದ ತಪ್ಪುಗಳಿಂದ ನಾವು ಬಹಳ ಕಲಿತೆವು. ಕನ್ನಡದ ‘ಜವ’ಕ್ಕೆ ನಾವು ಮರಾಠಿಯಲ್ಲಿ ‘ವೇಗ’ ಎಂದು ಬರೆದಿದ್ದೆವು. ಅಲ್ಲಿ ಅದು ‘ಚಾಲ’. ‘ವೇಗ’ ಮಾತ್ರ ಎರಡೂ ಭಾಷೆಯಲ್ಲಿ ವೇಗವೇ. ‘ವೇಗೋತ್ಕರ್ಷ’ಕ್ಕೆ ‘ತ್ವರಣ’, ‘ಜೀವಕೋಶ’ಕ್ಕೆ ‘ಪೇಶಿ’, ‘ಅಂಗಾಂಶ’ಕ್ಕೆ ‘ಊತಿ’. ‘ಸಾಂದ್ರತೆ’ಗೆ ಮರಾಠಿಯಲ್ಲಿ ‘ಘನತಾ’ ಎಂದಾಗ ಕನ್ನಡದ ಮಕ್ಕಳು ನಕ್ಕರು. ಅವರಿಗೆ ಘನತೆ ಎಂದರೆ ದೊಡ್ಡಸ್ತಿಕೆ. ಒಂದೇ ಸಂಸ್ಕೃತ ಮೂಲದ ಪದ ಎರಡು ಭಾಷೆಗಳಲ್ಲಿ ಬೇರೆ ಬೇರೆ ಅರ್ಥ ಪಡೆಯುವುದೇ ಗಡಿಭಾಗದ ವಿಜ್ಞಾನ ತರಗತಿಯ ನಿಜವಾದ ತೊಡಕು. ಪೂರ್ತಿ ಬೇರೆಯಾದ ಪದವನ್ನು ಮಗು ಕೇಳಿ ತಿಳಿಯುತ್ತದೆ. ಒಂದೇ ರೀತಿ ಕೇಳಿಸುವ ಪದವನ್ನು ಕೇಳುವುದಿಲ್ಲ, ಗೊತ್ತಿದೆಯೆಂದೇ ನಂಬುತ್ತದೆ. ಇಂಥ ಪದಗಳಿಗೆ ನಾವು ‘ಎಚ್ಚರ’ ಎಂಬ ಕೆಂಪು ಹಣೆಪಟ್ಟಿ ಅಂಟಿಸಿ ಪಾಠಯೋಜನೆಯ ಮೊದಲ ಹಂತದಲ್ಲೇ ಅವುಗಳನ್ನು ಮಾತಾಡಲು ಆರಂಭಿಸಿದೆವು.

ಕೆಲವು ಎಚ್ಚರಿಕೆಗಳು

ಈ ಪದ್ಧತಿಯಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ನಾವು ಕಂಡ ಮಿತಿಗಳನ್ನೂ ಹೇಳಬೇಕು.

ಮೊದಲನೆಯದಾಗಿ, ಚೀಟಿಗಳ ಸಂಖ್ಯೆಯನ್ನು ಎಣಿಸಿ ಯಾರು ಹೆಚ್ಚು ಮಾಡಿದರೆಂದು ಅಳೆಯಬಾರದು. ಒಂದು ವಾರ ನಾವು ಹಾಗೆ ಎಣಿಸಿದೆವು. ಆ ವಾರ ಎಲ್ಲರೂ ಸುಲಭದ ಪಾಠಗಳ ಚೀಟಿಗಳನ್ನೇ ಎತ್ತಿಕೊಂಡರು. ‘ಅಂಗಾಂಶಗಳು’ ಮತ್ತೆ ಉಳಿಯಿತು. ಉಪನ್ಯಾಸಕರು ಇಂಥ ಫಲಕವನ್ನು ಆಂತರಿಕ ಅಂಕಕ್ಕೆ ಆಧಾರ ಮಾಡಿಕೊಂಡರೆ ಪ್ರಶಿಕ್ಷಣಾರ್ಥಿಗಳು ಫಲಕವನ್ನು ತುಂಬಿಸುತ್ತಾರೆ, ಕೆಲಸವನ್ನಲ್ಲ.

ಎರಡನೆಯದಾಗಿ, ಪರಿಶೀಲನೆ ಎಂದರೆ ಸಹಿ ಹಾಕುವುದಲ್ಲ. ಗೆಳೆತನಕ್ಕಾಗಿ ಓದದೆ ಹೆಸರು ಬರೆದ ಎರಡು ಚೀಟಿಗಳು ನಮ್ಮಲ್ಲೂ ಸಿಕ್ಕವು. ಆಮೇಲೆ ‘ನೋಡಿದವರು’ ಗೆರೆಯಲ್ಲಿ ಹೆಸರಿನೊಂದಿಗೆ ಪುಸ್ತಕದ ಪುಟಸಂಖ್ಯೆಯನ್ನೂ ಬರೆಯಬೇಕೆಂದು ನಿಯಮ ಸೇರಿಸಿದೆವು.

ಮೂರನೆಯದಾಗಿ, ಶಿಕ್ಷಕರ ಕೆಲಸದಲ್ಲಿ ಬಹುಪಾಲು ಚೀಟಿಗೆ ಇಳಿಯುವುದಿಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಮಗುವಿನ ಪಕ್ಕ ಹೋಗಿ ಐದು ನಿಮಿಷ ಮಾತಾಡುವುದಕ್ಕೆ ಅಂಕಣವಿಲ್ಲ. ಹಂಚಿಕೊಂಡು ಮಾಡುವ, ಕೊನೆ ಇರುವ ಕೆಲಸಗಳಿಗೆ ಮಾತ್ರ ಇದು ಹೊಂದುತ್ತದೆ: ಬೋಧನೋಪಕರಣ ತಯಾರಿ, ಪ್ರಶ್ನೆಕೋಠಿ, ವಿಜ್ಞಾನ ವಸ್ತುಪ್ರದರ್ಶನ, ವಾರ್ಷಿಕೋತ್ಸವದಂಥವು.

ಮುಂದಿನ ತಂಡಕ್ಕೆ

ಅಭ್ಯಾಸ ಬೋಧನೆಯಲ್ಲಿ ಪ್ರತಿ ವರ್ಷ ಹೊಸ ತಂಡ ಬರುತ್ತದೆ, ಹಳೆಯ ತಂಡ ಹೋಗುತ್ತದೆ. ನಾವು ಮಾಡಿದ ಚಾರ್ಟು, ಮಾದರಿಗಳು ಕಪಾಟಿನ ಮೇಲೆ ಧೂಳು ಹಿಡಿಯುತ್ತವೆ; ಮುಂದಿನವರು ಅದೇ ಹೃದಯದ ಚಿತ್ರವನ್ನು ಮತ್ತೆ ಬಿಡಿಸುತ್ತಾರೆ. ಮುಕ್ತ ತಂತ್ರಾಂಶ ಯೋಜನೆಗಳಲ್ಲೂ ಜನ ಬರುತ್ತಾರೆ, ಹೋಗುತ್ತಾರೆ. ಆದರೆ ಬಂದವರು ಹಳೆಯ ನಮೂದುಗಳನ್ನು ಓದಿ, ಏನು ಮುಗಿದಿದೆ, ಯಾವುದು ಏಕೆ ನಿಂತಿದೆ ಎಂದು ತಿಳಿದು ಅಲ್ಲಿಂದ ಮುಂದುವರಿಯುತ್ತಾರೆ. ಈ ಸೌಲಭ್ಯ ನಮಗೂ ಸಾಧ್ಯ.

ಆದ್ದರಿಂದ ಪ್ರಶಿಕ್ಷಕರಲ್ಲಿ ನನ್ನ ಮನವಿ ಎರಡು. ಪ್ರತಿ ಅಭ್ಯಾಸ ಶಾಲೆಗೆ ಒಂದು ಕಾರ್ಯಪಟ್ಟಿ ಇರಲಿ. ತಂಡ ಹೊರಡುವಾಗ ಅದನ್ನು ಶಾಲೆಯಲ್ಲೇ ಬಿಟ್ಟು ಹೋಗಲಿ. ಹಾಗೆಯೇ ಮುಗಿಯದ ಕೆಲಸವನ್ನು ಪಟ್ಟಿಯಲ್ಲಿ ತೋರಿಸುವುದು ತಪ್ಪಲ್ಲವೆಂದು ಮೊದಲ ದಿನವೇ ಹೇಳಲಿ. ಮುಗಿಯದ್ದನ್ನು ಮುಚ್ಚಿಟ್ಟರೆ ಅದರ ಬೆಲೆ ತೆರುವವರು ತರಗತಿಯ ಮಕ್ಕಳು. ಅದನ್ನು ನಾನು ಒಂದು ಕೆಂಪು ಗೆರೆಯಿಂದ ಕಲಿತೆ.

ನಾವು ಶಾಲೆ ಬಿಡುವ ದಿನ ಬಾಗಿಲ ಹಿಂದಿನ ಹಾಳೆಯಲ್ಲಿ ಒಂಬತ್ತು ಚೀಟಿಗಳು ‘ನೋಡಬೇಕಾದದ್ದು’ ಅಂಕಣದಲ್ಲೇ ಉಳಿದಿದ್ದವು, ‘ಶಬ್ದ’ ಪಾಠದ ಎರಡು ಚೀಟಿಗಳನ್ನು ಯಾರೂ ಎತ್ತಿಕೊಂಡಿರಲಿಲ್ಲ. ಅವುಗಳ ಮೇಲೆ ‘ಹೊಸಬರಿಗೆ ಒಳ್ಳೆಯ ಮೊದಲ ಕೆಲಸ’ ಎಂದು ಬರೆದು ಬಂದಿದ್ದೇವೆ. ಅಣು ಪದದ ಚೀಟಿ ‘ಮುಗಿದದ್ದು’ ಅಂಕಣದಲ್ಲಿದೆ: ಕನ್ನಡ ಪರಮಾಣು, ಮರಾಠಿ ಅಣು, ಕನ್ನಡ ಅಣು, ಮರಾಠಿ ರೇಣು. ಮಾಡಿದವರ ಗೆರೆಯಲ್ಲಿ ನನ್ನ ಹೆಸರಿದೆ. ನೋಡಿದವರ ಗೆರೆಯಲ್ಲಿ ಆ ಹುಡುಗಿಯ ಹೆಸರು, ಪಕ್ಕದಲ್ಲಿ ಪುಟಸಂಖ್ಯೆ.